ಮಂಕಾದ ಮೇಲಿನ ಬೆಳಕು

"ಗುರುಗಳೇ, ತೀರಿಹೋದವರನ್ನು ಆಮೇಲೆ ತಿಳಿದುಕೊಳ್ಳಲು ಸಾಧ್ಯವೇ?"

ಕೇಳಿದವನು ಇಂದುಧರ, ಗುರುಗಳ ಬಳಿ ಖಗೋಳಶಾಸ್ತ್ರ ಕಲಿಯುತ್ತಿದ್ದವನು. ಅವನ ತಂದೆ ಬದುಕಿನ ಬಹುಭಾಗ ಹಡಗಿನಲ್ಲಿ ದುಡಿದವರು. ರಜೆಗೆ ಮನೆಗೆ ಬಂದಾಗಲೂ ಹೆಚ್ಚು ಮಾತನಾಡಿದವರಲ್ಲ. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

"ಅಜ್ಜ ಎಂಥವರಾಗಿದ್ದರು ಎಂದು ಮಗಳು ಕೇಳಿದಳು. ನನಗೆ ಹೇಳಲು ಏನೂ ತೋಚಲಿಲ್ಲ," ಎಂದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಸಿಡಿದ ನಕ್ಷತ್ರಗಳನ್ನು ಅಭ್ಯಾಸ ಮಾಡುವುದು ಅವಳ ಕೆಲಸ. ಅವಳಿಗೆ ಆ ವಿದ್ಯೆ ಕಲಿಸಿದವರು ಒಬ್ಬ ಹಿರಿಯ ವಿಜ್ಞಾನಿ. ಒಂದು ಬಗೆಯ ಸ್ಫೋಟ ಭಾರಿ ನಕ್ಷತ್ರಗಳಲ್ಲಿ ಮಾತ್ರ ಆಗುತ್ತದೆ ಎಂದು ಅವರು ಬಹುಕಾಲದಿಂದ ಹೇಳುತ್ತ ಬಂದಿದ್ದರು. ಅನೇಕರು ಅದನ್ನು ಒಪ್ಪಿರಲಿಲ್ಲ. ಅವರ ನಿವೃತ್ತಿ ಹತ್ತಿರವಾಗಿತ್ತು.

ಆ ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಅದೇ ಬಗೆಯಲ್ಲಿ ಒಂದು ನಕ್ಷತ್ರ ಸಿಡಿಯಿತು. ಬೆಳಕು ಏರಿತು, ತುದಿ ಮುಟ್ಟಿತು, ಇಳಿಯತೊಡಗಿತು. ಸಂಶೋಧಕಿ ಅದನ್ನು ಬಿಡದೆ ಅಳೆದು, ಅಳತೆಗಳನ್ನು ಗ್ರಾಫಿನಲ್ಲಿ ಚುಕ್ಕಿಗಳಾಗಿ ಗುರುತಿಸಿದಳು. ಆಮೇಲೆ ಕಂಪ್ಯೂಟರಿನಲ್ಲಿ ಒಂದು ನಕ್ಷತ್ರವನ್ನು ಕಲ್ಪಿಸಿದಳು. ಅದರ ಭಾರ ಇಷ್ಟು, ಸ್ಫೋಟದ ಬಿರುಸು ಇಷ್ಟು ಎಂದು ಇಟ್ಟುಕೊಂಡು, ಅಂಥದ್ದು ಸಿಡಿದರೆ ಬೆಳಕು ಹೇಗೆ ಏರಿ ಇಳಿಯಬೇಕು ಎಂದು ಲೆಕ್ಕ ಹಾಕಿ ಗೆರೆ ಎಳೆದಳು. ಗೆರೆ ಚುಕ್ಕಿಗಳ ಮೇಲೆ ಸರಿಯಾಗಿ ಕೂತಿತು. ಅವಳು ಕಲ್ಪಿಸಿದ್ದು ಭಾರಿ ನಕ್ಷತ್ರ. ಹಿರಿಯರಿಗೆ ತುಂಬ ಸಂತೋಷವಾಯಿತು.

ಅವಳಿಗೆ ಸಮಾಧಾನವಾಗಲಿಲ್ಲ. ಪುಟ್ಟ ನಕ್ಷತ್ರವೊಂದು ಮೆಲ್ಲಗೆ ಸಿಡಿದರೆ ಹೇಗೆ ಎಂದು ಮತ್ತೆ ಲೆಕ್ಕ ಹಾಕಿದಳು. ಆ ಗೆರೆಯೂ ಅದೇ ಚುಕ್ಕಿಗಳ ಮೇಲೆ ಕೂತಿತು.

ಅವಳು ಎರಡನ್ನೂ ತಂದು ಹಿರಿಯರ ಮುಂದಿಟ್ಟಳು.

"ಈವರೆಗಿನ ಬೆಳಕು ನೋಡಿ ಇದು ಯಾವ ನಕ್ಷತ್ರ ಎಂದು ಹೇಳಲಾಗದು ಸರ್. ಭಾರಿ ನಕ್ಷತ್ರ ಬಿರುಸಾಗಿ ಸಿಡಿದಿದ್ದರೆ ಎಲ್ಲವೂ ಬೇಗ ಚದುರಿ ತೆಳುವಾಗುತ್ತದೆ, ಒಳಗಿನ ಕಾವು ಸೋರಿಹೋಗುತ್ತದೆ. ಪುಟ್ಟದು ಮೆಲ್ಲಗೆ ಸಿಡಿದಿದ್ದರೆ ಕಾವು ಒಳಗೇ ಉಳಿದು ನಿಧಾನವಾಗಿ ಆರುತ್ತದೆ. ಮಂಕಾದ ಮೇಲೆ ನೋಡಿದರೆ ಗೊತ್ತಾಗುತ್ತದೆ."

"ನಮ್ಮ ಸಣ್ಣ ದೂರದರ್ಶಕಕ್ಕೆ ಅದು ಇನ್ನು ಕಾಣುವುದಿಲ್ಲವಲ್ಲಮ್ಮ," ಎಂದರು ಹಿರಿಯರು.

ದೊಡ್ಡ ದೂರದರ್ಶಕದಲ್ಲಿ ಆ ಸಲ ಸಮಯ ಸಿಕ್ಕಿದ್ದು ಅವರಿಗೆ ಮಾತ್ರ. ಹೊಸದಾಗಿ ಸಿಡಿದ, ಪ್ರಖರವಾದ ಇನ್ನೊಂದು ನಕ್ಷತ್ರಕ್ಕೆಂದು ಅದನ್ನು ಮೀಸಲಿಟ್ಟಿದ್ದರು. ನಿವೃತ್ತಿಗೆ ಮೊದಲು ಅವರಿಗೆ ಅಂಥ ಅವಕಾಶ ಮತ್ತೆ ಬರುವಂತಿರಲಿಲ್ಲ. ಅದು ಗೊತ್ತಿದ್ದುದರಿಂದ ಅವಳು ಕೇಳಲಿಲ್ಲ. ಅವರು ಎರಡೂ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಮಂಕು ನಕ್ಷತ್ರ ತಮ್ಮ ಮಾತನ್ನೇ ಸುಳ್ಳು ಮಾಡಬಹುದು ಎಂದು ಅವರಿಗೂ ಗೊತ್ತಿತ್ತು.

"ನನ್ನ ಸಮಯ ನೀನು ತಗೋ," ಎಂದರು. "ಹೊಸದನ್ನು ನೋಡಲು ಬೇಕಾದಷ್ಟು ಜನ ಇದ್ದಾರೆ. ಇದನ್ನು ನೋಡುವವರು ಈಗ ಯಾರೂ ಇಲ್ಲ."

ಅವಳು ಅಳೆಯುತ್ತ ಹೋದಳು. ದೊಡ್ಡ ದೂರದರ್ಶಕವೂ ತಾಸುಗಟ್ಟಲೆ ತೆರೆದಿದ್ದು ಬೆಳಕು ಕೂಡಿಸಬೇಕಾಗಿತ್ತು. ಹಿರಿಯರು ಪಕ್ಕದಲ್ಲಿ ಕೂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವಳಿಗೆ ಕೊಡುತ್ತಿದ್ದರು. ಉತ್ತರ ಏನು ಬರುತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಬೆಳಕು ನಿಧಾನವಾಗಿ, ಬಹಳ ನಿಧಾನವಾಗಿ ಇಳಿಯಿತು. ಭಾರಿ ನಕ್ಷತ್ರದ ಗೆರೆ ಕೆಳಗೆ ಬಿದ್ದುಹೋಯಿತು. ಚುಕ್ಕಿಗಳು ಪುಟ್ಟದರ ಗೆರೆಯನ್ನೇ ಹಿಡಿದು ನಡೆದವು. ಇದನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಅವಳು ಪರದೆಯ ಮುಂದೆ ತಲೆ ತಗ್ಗಿಸಿ ಕೂತಳು. ಅವರು ಬಗ್ಗಿ ತಾವೇ ನೋಡಿದರು.

"ಪುಟ್ಟದು," ಎಂದರು. ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡಿ ಹೇಳುವಂತೆ ಹೇಳಿದರು. "ಎಷ್ಟು ಕಾಲ ಬೆಚ್ಚಗಿತ್ತು ನೋಡಮ್ಮ."

ಅವರಿಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಹಿರಿಯರ ಹಳೆಯ ಮಾತು ತಪ್ಪೆಂಬ ಸಾಲನ್ನು ಬರೆಯಲು ಅವಳಿಗೆ ಕೈ ಬರಲಿಲ್ಲ. ಅದನ್ನು ಅವರೇ ಬರೆದರು.

ಗುರುಗಳು ಕತೆ ನಿಲ್ಲಿಸಿದರು. ಇಂದುಧರ ನೆಲ ನೋಡುತ್ತ ಹೇಳಿದ: "ಆಕೆ ಮೊದಲಿನಿಂದಲೂ ನೋಡುತ್ತಿದ್ದಳು. ನಾನು ಅಪ್ಪ ಇದ್ದಾಗ ನೋಡಲೇ ಇಲ್ಲವಲ್ಲ ಗುರುಗಳೇ."

"ಕಾವು ಎಲ್ಲಿ ಉಳಿದಿದೆ ಎಂದು ಈಗಲೂ ನೋಡಬಹುದು. ಅಪ್ಪನ ಹೆಸರೆತ್ತಿದರೆ ಇವತ್ತಿಗೂ ಯಾರ ಮುಖ ಅರಳುತ್ತದೆ?" ಎಂದರು ಗುರುಗಳು.

ಇಂದುಧರ ಅಪ್ಪನ ಜೊತೆ ಹಡಗಿನಲ್ಲಿ ದುಡಿದವರ ವಿಳಾಸ ಹುಡುಕಲು ಎದ್ದ.