ಮಲ್ಲಿಗೆಯ ಕೊಸರು, ವಿಮಾನದ ಹೊಟ್ಟೆ

ಕಡಲ ಬದಿಯ ಒಂದು ಊರಿನಲ್ಲಿ ದೂಮಣ್ಣ ಶೆಟ್ಟಿ ಎಂಬ ಮಲ್ಲಿಗೆ ವ್ಯಾಪಾರಿ ಇದ್ದ. ಅದೇ ಊರಿನಲ್ಲಿ ಗುಲಾಬಿ ಪೂಜಾರ್ತಿ ಎಂಬ ಹೆಂಗಸು ಇದ್ದಳು. ಹೆಸರು ಗುಲಾಬಿ, ಬೆಳೆಸುವುದು ಮಲ್ಲಿಗೆ. ಊರವರಿಗೆ ಇದೊಂದು ನಗೆ, ಅವಳಿಗೂ ನಗೆ.

ಮಲ್ಲಿಗೆ ಎಂಥ ವಸ್ತು ಎಂದು ಮೊದಲು ತಿಳಿಯಿರಿ. ಬೆಳಿಗ್ಗೆ ಮೊಗ್ಗು ಕೊಯ್ಯಬೇಕು. ಬಿಸಿಲೇರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಸುತ್ತಬೇಕು. ಸಂಜೆ ಅದು ಅರಳುತ್ತದೆ. ಮರುದಿನ ಕಂದುತ್ತದೆ. ತೆಂಗಿನಕಾಯಿ ಹಡಗಿನಲ್ಲಿ ತಿಂಗಳುಗಟ್ಟಲೆ ಮಲಗಿ ಹೋದರೂ ತೆಂಗಿನಕಾಯಿಯೇ. ಹಂಚಿಗೆ ರೆಕ್ಕೆ ಬೇಡ, ಕಲ್ಲಿಗೆ ಬೇಡ, ಅಕ್ಕಿಗೆ ಬೇಡ. ಮಲ್ಲಿಗೆಗೆ ಬೇಕು! ಯಾವ ವಸ್ತು ಕಾಯಲಾರದೋ ಅದು ವಿಮಾನ ಹತ್ತುತ್ತದೆ.

ಕಡಲಾಚೆಯ ಮರಳುಗಾಡಿನ ಪಟ್ಟಣದಲ್ಲಿ ನಮ್ಮ ಕಡೆಯ ಜನ ತುಂಬಿದ್ದರು. ನಮ್ಮವನೇ ಆದ ಮೊಯ್ದಿನಬ್ಬ ಅಲ್ಲಿ ಹೂವಿನ ಅಂಗಡಿ ಇಟ್ಟಿದ್ದ. ಒಂದು ದಿನ ದೂಮಣ್ಣ ಅವನಿಗೆ ಒಂದು ಪೆಟ್ಟಿಗೆ ಮಲ್ಲಿಗೆ ಕಳಿಸಿದ. ಬೆಳಿಗ್ಗೆ ನಮ್ಮ ಗಿಡದಲ್ಲಿದ್ದ ಮೊಗ್ಗು ಸಂಜೆ ಅಲ್ಲಿನ ಹೆಂಗಸರ ತಲೆಯಲ್ಲಿ ಅರಳಿತು!

ಮೊಯ್ದಿನಬ್ಬ ಫೋನಿನಲ್ಲಿ ಕೂಗಿದ: "ಶೆಟ್ರೇ, ಮುಚ್ಚಳ ತೆಗೆದದ್ದೇ ಖಾಲಿ! ಪರಿಮಳ ಬಂದು ಬೀದಿಯ ಜನ ಒಳಗೆ ನುಗ್ಗಿದ್ದಾರೆ. ನಾಳೆ ಇನ್ನೂ ಕಳಿಸಿ."

ಊರಿಗೆ ಊರೇ ಎದ್ದು ಕೂತಿತು. ಅಂಗಳದಲ್ಲಿ ಮಲ್ಲಿಗೆ, ತಾರಸಿಯಲ್ಲಿ ಮಲ್ಲಿಗೆ, ಒಡೆದ ಬಕೆಟಿನಲ್ಲೂ ಮಲ್ಲಿಗೆ. ಗುಲಾಬಿ ತನ್ನ ಬಸಳೆ ಚಪ್ಪರ ಕಿತ್ತು ಮಲ್ಲಿಗೆ ನೆಟ್ಟಳು. ಅವಳ ಕೇರಿಯ ಹೆಂಗಸರೂ ತರಕಾರಿ ಕಿತ್ತರು. ಹೂ ಹೋಗಲಿಲ್ಲವಾದರೆ ಸಾರಿಗೆ ಹಾಕಲು ಒಂದು ಸೊಪ್ಪಿನ ಕಡ್ಡಿಯೂ ಇಲ್ಲ ಎನ್ನುವ ಸ್ಥಿತಿ.

"ಶೆಟ್ರೇ, ಎಷ್ಟು ಬೆಳೆಸಿದರೂ ಹೋಗ್ತದಾ?" ಎಂದು ಗುಲಾಬಿ ಕೇಳಿದಳು.

ದೂಮಣ್ಣ ಮೇಲೆ ಕೈ ತೋರಿಸಿದ. "ಆಕಾಶಕ್ಕೆ ಬೇಲಿ ಉಂಟಾ ಮಾರಾಯ್ತಿ? ನೀನು ಬೆಳೆಸು. ಹಾರಿಸುವವ ನಾನಿದ್ದೇನೆ."

ಇಲ್ಲಿಯೇ ಅವನು ಎಡವಿದ್ದು. ಅವನು ನೋಡಿದ್ದು ಆಕಾಶವನ್ನು. ನೋಡಬೇಕಿದ್ದದ್ದು ವಿಮಾನದ ಹೊಟ್ಟೆಯನ್ನು. ಅದು ಜನರ ವಿಮಾನ. ಹೂವಿಗೆಂದು ಯಾರೂ ಅದನ್ನು ಹಾರಿಸುತ್ತಿರಲಿಲ್ಲ. ಮೊದಲು ಜನ, ಆಮೇಲೆ ಜನರ ಚೀಲ, ಉಳಿದ ಸಂದಿನಲ್ಲಿ ಹೂ.

ಅಷ್ಟರಲ್ಲಿ ಮೊಯ್ದಿನಬ್ಬನ ದೊಡ್ಡ ಆರ್ಡರು ಬಂತು. "ಇಲ್ಲೊಂದು ಮದುವೆ. ಬರುವ ಹೆಂಗಸರಿಗೆಲ್ಲ ಮಲ್ಲಿಗೆ ಮುಡಿಸಬೇಕಂತೆ. ಸರಿಯಾಗಿ ಬಂದರೆ ಇನ್ನು ದಿನಾ ನಿಮ್ಮದೇ ಹೂ. ತಪ್ಪಿದರೆ ಬೇರೆ ದೇಶದಿಂದ ತರಿಸ್ತೇನೆ, ಬೇಸರ ಮಾಡಬೇಡಿ."

ಅರ್ಧ ಪೆಟ್ಟಿಗೆಗಳು ದೂಮಣ್ಣನ ತೋಟದವು. ಅರ್ಧ ಗುಲಾಬಿಯ ಕೇರಿಯವು. ಹೂ ಕಟ್ಟುವಾಗ ಹಾಡು, ಜಗಳ, ನಗೆ! ಪೆಟ್ಟಿಗೆ ತುಂಬಿದ ಮೇಲೆ ದೂಮಣ್ಣ ಬಂದು ನೋಡಿದ.

"ಕೊಸರು ಎಲ್ಲಿ?" ಎಂದ.

ಕೊಸರು ಎಂದರೆ ಗೊತ್ತಲ್ಲ? ಅಳತೆ ಮುಗಿದ ಮೇಲೆ ಪ್ರೀತಿಗೆಂದು ಹಾಕುವ ಹೆಚ್ಚಿನ ಒಂದಿಷ್ಟು. ಮೊಳ ಹೂ ಕೊಂಡರೆ ಮೇಲೊಂದು ಗೇಣು. ಕೊಸರು ಹಾಕದ ಹೂವಿನವಳ ಬಳಿ ನಮ್ಮಲ್ಲಿ ಯಾರೂ ಎರಡನೆಯ ಸಲ ಹೋಗುವುದಿಲ್ಲ.

"ದೂರದ ಗಿರಾಕಿ. ಮದುವೆಯ ಹೂ. ಹಾಕಿ ಹಾಕಿ!" ಎಂದ ದೂಮಣ್ಣ. ಹೆಂಗಸರೂ ಖುಷಿಯಿಂದ ಹಾಕಿದರು. ಪ್ರತಿ ಪೆಟ್ಟಿಗೆಯ ಮೇಲೆ ಇನ್ನೊಂದು ಚೆಂಡು. ರಟ್ಟಿನ ಮುಚ್ಚಳಗಳು ಪೂರಿಯ ಹಾಗೆ ಉಬ್ಬಿದವು. ಹಗ್ಗ ಬಿಗಿದು ಟೆಂಪೋಗೆ ಏರಿಸಿದರು. ಗುಲಾಬಿ ಮತ್ತು ಕೇರಿಯ ಹೆಂಗಸರು ಹೂವಿನ ಜೊತೆಗೇ ಹತ್ತಿ ಕುಳಿತರು.

ವಿಮಾನ ನಿಲ್ದಾಣ ಇದ್ದದ್ದು ಗುಡ್ಡದ ಮೇಲೆ. ಸರಕು ಇಳಿಸುವ ಜಾಗ ಒಂದು ತಗಡಿನ ಶೆಡ್ಡು. ಅಲ್ಲಿ ಸರಕು ನೋಡಿಕೊಳ್ಳುತ್ತಿದ್ದವರು ಲ್ಯಾನ್ಸಿ ಪಿಂಟೋ. ಅವರು ಟೆಂಪೋ ನೋಡಿದವರೇ ತಲೆಯ ಮೇಲೆ ಕೈ ಇಟ್ಟರು.

"ಶೆಟ್ರೇ, ಇದು ಹೂವಾ, ಬಸುರಿ ಪೆಟ್ಟಿಗೆಗಳಾ? ಒಂದರ ಮೇಲೊಂದು ಕೂರುವುದಿಲ್ಲ ಇವು. ಇವತ್ತು ಜಾಗವೇ ಕಡಿಮೆ. ಮದುವೆಗೆ ಹೋಗುವವರ ಚೀಲದ ತುಂಬ ಹಲಸಿನ ಹಪ್ಪಳ, ಉಪ್ಪಿನಕಾಯಿ. ಮುಚ್ಚಳ ಚಪ್ಪಟೆ ಇದ್ದರೆ ಎಲ್ಲವನ್ನೂ ಕೂರಿಸ್ತೇನೆ. ಹೀಗೇ ಇದ್ದರೆ ಅರ್ಧವೂ ಹೋಗುವುದಿಲ್ಲ."

"ಹೂವಿಗೆ ಎಂತ ಭಾರ ಮಾರಾಯ್ರೇ?"

"ಭಾರ ಇಲ್ಲ. ಜಾಗ ಬೇಕಲ್ಲ! ವಿಮಾನದ ಗೋಡೆ ನಿಮ್ಮ ಕೊಸರಿಗೆ ಹಿಗ್ಗುತ್ತದಾ? ಬೇಗ ಹೇಳಿ, ಬಾಗಿಲು ಹಾಕ್ತಾರೆ."

ದೂಮಣ್ಣನ ಮುಖ ಕೆಂಪಾಯಿತು. "ಹಾಕಿದ ಕೊಸರು ತೆಗೆಯುವುದಾ? ನಮ್ಮ ಮನೆತನದಲ್ಲಿ ಯಾರೂ ತೆಗೆದವರಿಲ್ಲ. ವಿಮಾನ ಸಣ್ಣದಾದರೆ ದೊಡ್ಡ ವಿಮಾನ ತರಿಸಿ!" ಎಂದು ಅಬ್ಬರಿಸಿ, ಊರಿನ ಲೀಡರಿಗೆ ಫೋನು ಹಚ್ಚಿದ. ಲೀಡರು ಆ ಕಡೆಯಿಂದ ಭಾಷಣವನ್ನೇ ಶುರುಮಾಡಿದ. ದೊಡ್ಡ ವಿಮಾನ ಬರುತ್ತದೆ, ದೊಡ್ಡ ನಿಲ್ದಾಣ ಬರುತ್ತದೆ, ಅಡಿಗಲ್ಲು ನಾನೇ ಇಡುತ್ತೇನೆ. ದೂಮಣ್ಣ "ಹೌದು ಹೌದು" ಎನ್ನುತ್ತ ನಿಂತ. ಬಿಸಿಲು ಏರುತ್ತಿತ್ತು. ಶೆಡ್ಡಿನೊಳಗೆ ಫ್ಯಾನೂ ಇರಲಿಲ್ಲ.

ಗುಲಾಬಿಗೂ ಕೊಸರು ತೆಗೆಯಲು ಮನಸ್ಸಿರಲಿಲ್ಲ. "ನನ್ನ ಅಮ್ಮ ಇದ್ದಿದ್ದರೆ ಬೆನ್ನಿಗೆ ಬಾರಿಸುತ್ತಿದ್ದಳು," ಎಂದು ಗೊಣಗಿದಳು. ಆದರೆ ಕಿತ್ತು ಹಾಕಿದ ಬಸಳೆ ಚಪ್ಪರ ಕಣ್ಣ ಮುಂದೆ ಬಂತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಮ್ಮ ಕೇರಿಯ ಪೆಟ್ಟಿಗೆ ಇಳಿಸಿ! ಹಗ್ಗ ಬಿಚ್ಚಿ!"

"ಏಯ್, ಮುಟ್ಟಬೇಡ!" ಎಂದು ದೂಮಣ್ಣ ಫೋನಿನ ನಡುವೆಯೇ ಕೂಗಿದ.

"ನಿಮ್ಮದನ್ನು ಮುಟ್ಟುವುದಿಲ್ಲ ಶೆಟ್ರೇ. ನಮ್ಮದು ನಮ್ಮ ಕೈಯ ಹೂ. ಹಾಕಿದವರೂ ನಾವೇ, ತೆಗೆಯುವವರೂ ನಾವೇ."

ಅಬ್ಬಾ, ಆ ಗಡಿಬಿಡಿ! ಒಬ್ಬಳು ಹಗ್ಗ ಬಿಚ್ಚಿದಳು, ಒಬ್ಬಳು ಚೆಂಡು ತೆಗೆದಳು, ಒಬ್ಬಳು ಮುಚ್ಚಳ ಒತ್ತಿ ಟೇಪು ಅಂಟಿಸಿದಳು. ಲ್ಯಾನ್ಸಿಯವರೂ ಅಂಗಿಯ ತೋಳು ಮಡಚಿ, ಟೇಪು ಹಿಡಿದು ನೆಲದ ಮೇಲೆ ಕುಳಿತರು. ಮುಚ್ಚಳಗಳು ಮಣೆಯ ಹಾಗೆ ಚಪ್ಪಟೆಯಾದವು. ಕೇರಿಯ ಕೊನೆಯ ಪೆಟ್ಟಿಗೆ ವಿಮಾನದೊಳಗೆ ಹೋಯಿತು. "ಹೋಯಿತು! ಹೋಯಿತು!" ಎಂದು ಹೆಂಗಸರು ಚಪ್ಪಾಳೆ ಹೊಡೆದರು.

ತೆಗೆದ ಕೊಸರು ಗುಲಾಬಿಯ ಮಡಿಲಲ್ಲಿ ರಾಶಿ ಬಿದ್ದಿತ್ತು. ಅವಳು ಅದನ್ನು ಹೊತ್ತು ಪಕ್ಕದ ಗೇಟಿಗೆ ಓಡಿದಳು. ಮದುವೆಗೆ ಹೊರಟ ಹೆಂಗಸರು ಅಲ್ಲಿ ಸಾಲು ನಿಂತಿದ್ದರು. "ತಕೊಳ್ಳಿ, ಮುಡಿದುಕೊಳ್ಳಿ," ಎಂದು ಕೊಟ್ಟಳು. ವಿಮಾನದ ಹೊಟ್ಟೆಗೆ ಹಿಡಿಸದ ಕೊಸರು ಜಡೆಗಳಲ್ಲಿ ಕುಳಿತು ಹಾರಿತು.

ದೂಮಣ್ಣ ಫೋನು ಇಟ್ಟಾಗ ವಿಮಾನದ ಬಾಗಿಲು ಹಾಕಿ ಆಗಿತ್ತು.

ಅವನ ಪೆಟ್ಟಿಗೆಗಳು ಆ ಕಾದ ಶೆಡ್ಡಿನಲ್ಲಿ ಉಳಿದವು. ಮಧ್ಯಾಹ್ನವೇ ಮೊಗ್ಗುಗಳು ಬಿಸಿಗೆ ಮೋಸಹೋಗಿ ಅರಳಿದವು. ಶೆಡ್ಡಿನ ತುಂಬ ಮದುವೆ ಮನೆಯ ಪರಿಮಳ. ಮುಡಿಯುವ ಒಂದು ತಲೆಯೂ ಇಲ್ಲ.

ಮರುದಿನ ಮೊಯ್ದಿನಬ್ಬ ಫೋನು ಮಾಡಿದ. "ಶೆಟ್ರೇ, ಗುಲಾಬಕ್ಕನ ಕೇರಿಯ ಹೂ ಬಂತು, ಹಾಲಿನಂಥ ಹೂ. ಹೆಣ್ಣಿನ ಕಡೆಯವರು ಮುಡಿದರು. ಹೂ ಸಿಗದ ಗಂಡಿನ ಕಡೆಯವರು ನನ್ನ ಮುಖ ನೋಡಿ ಹಲ್ಲು ಕಡಿದರು. ಇನ್ನು ದಿನಾ ಗುಲಾಬಕ್ಕನೇ ಕಳಿಸಲಿ. ವಿಮಾನಕ್ಕೆ ಹಿಡಿಸುವಷ್ಟೇ ಸಾಕು."

ವಾರ ಕಳೆಯಿತು. ಲೀಡರು ದೊಡ್ಡ ನಿಲ್ದಾಣದ ಅಡಿಗಲ್ಲು ಇಡಲು ಗುಡ್ಡಕ್ಕೆ ಬರುತ್ತಾನೆ ಎಂದು ಸುದ್ದಿಯಾಯಿತು. ದೂಮಣ್ಣ ಗುಲಾಬಿಯ ಅಂಗಳಕ್ಕೆ ಬಂದ. "ನಿನ್ನ ಕೇರಿಯವರನ್ನು ಕರಕೊಂಡು ಬಾ. ಚಪ್ಪಾಳೆ ಹೊಡೆಯಬೇಕು. ದೊಡ್ಡ ವಿಮಾನ ಬಂದರೆ ನಿನಗೂ ಲಾಭ."

ಗುಲಾಬಿ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. "ದೊಡ್ಡ ವಿಮಾನ ಬರಲಿ, ಬೇಡ ಅಂದವರು ಯಾರು? ಆದರೆ ಅದು ಬಂದು ನಿಲ್ಲುವುದು ಅದೇ ಶೆಡ್ಡಿನ ಮುಂದೆ ಅಲ್ಲವಾ? ನಿಮ್ಮ ಹೂ ಸತ್ತದ್ದು ಆಕಾಶದಲ್ಲಾ, ಶೆಡ್ಡಿನಲ್ಲಾ? ಅಲ್ಲಿ ಒಂದು ತಂಪು ಕೋಣೆಗೆ ಕಲ್ಲು ಇಡಿಸಿ. ಚಪ್ಪಾಳೆ ಎಂತ, ನಾವೇ ಕಲ್ಲು ಹೊತ್ತು ತರುತ್ತೇವೆ. ಬರೀ ಬಾಯಿಮಾತಿನ ಕಲ್ಲಾದರೆ ನಾವೆಲ್ಲ ಆ ಕಲ್ಲಿನ ಮೇಲೆಯೇ ಕುಳಿತು ಬೊಬ್ಬೆ ಹಾಕುತ್ತೇವೆ."

ದೂಮಣ್ಣ ಸೀದಾ ಗುಡ್ಡ ಹತ್ತಿದ. ನಡು ಮಧ್ಯಾಹ್ನ. ಶೆಡ್ಡಿನ ತಗಡಿನ ಗೋಡೆಗೆ ಅಂಗೈ ಒತ್ತಿದ. ಕೈ ಸುಟ್ಟಿತು. ಮೇಲೆ ವಿಮಾನವೊಂದು ಹೋಗುತ್ತಿತ್ತು. ಅವನು ತಲೆ ಎತ್ತಲಿಲ್ಲ. ಲೀಡರಿಗೆ ಫೋನು ಹಚ್ಚಿ ಹೇಳಿದ: "ಸಾರ್, ನಿಮಗೆ ಹಾರ ಆಮೇಲೆ. ಮೊದಲು ಇಲ್ಲಿ ಬಂದು ಈ ತಗಡಿನ ಮೇಲೆ ನಿಮ್ಮ ಕೈಯನ್ನೂ ಒಂದು ಸಲ ಇಡಿ."

ನೀತಿ: ಕೊಳ್ಳುವವನ ಅವಸರ ಸರಕಿಗೆ ರೆಕ್ಕೆ ಕೊಡುತ್ತದೆ. ವಿಮಾನದ ಹೊಟ್ಟೆ ಮತ್ತು ನೆಲದ ಮೇಲಿನ ಶೆಡ್ಡು ಆ ರೆಕ್ಕೆಯ ಅಳತೆ ಹೇಳುತ್ತವೆ. ಆಕಾಶಕ್ಕೆ ಬೇಲಿಯಿಲ್ಲ ಎಂದು ಆಸೆ ಹುಟ್ಟಿಸುವವನನ್ನು ನಂಬಿ ಬಸಳೆ ಕೀಳಬೇಡಿ. ನೆಲದಲ್ಲಿ ಏನು ಕಟ್ಟಿದ್ದೀಯ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿ. ಮತ್ತು ಇರುವ ಜಾಗದಲ್ಲಿ ಹಿಡಿಸುವಂತೆ ನಮ್ಮ ಜಂಬವನ್ನು ನಾವೇ ಚಪ್ಪಟೆ ಮಾಡಿಕೊಳ್ಳೋಣ. ಉಬ್ಬಿ ನಿಂತವನ ಸರಕು ನಿಂತಲ್ಲೇ ಬಾಡುತ್ತದೆ.