ನೂರಕ್ಕೆ ತೊಂಬತ್ತಾರು

ನೇಕಾರರ ಸಹಕಾರಿ ಬ್ಯಾಂಕು ಮುಳುಗುವ ಹಂತಕ್ಕೆ ಬಂದಿತ್ತು. ಠೇವಣಿ ಇಟ್ಟವರು ದಿನಾ ಬಂದು ಬಾಗಿಲು ಬಡಿಯುತ್ತಿದ್ದರು. ಸರ್ಕಾರ ಕೈಹಾಕಬೇಕೋ ಬೇಡವೋ ಎಂದು ಜನರನ್ನೇ ಕೇಳಿ ವರದಿ ಕೊಡಿ ಎಂದು ಮಂತ್ರಿಗಳು ಹೇಳಿಕಳಿಸಿದರು.

ಅಧ್ಯಕ್ಷ ರುದ್ರಪ್ಪನವರು ಗುಮಾಸ್ತೆ ಕಸ್ತೂರಿಬಾಯಿಯನ್ನು ಕರೆದರು.

“ನೂರು ಮಂದೀನ ಕೇಳು. ತೊಂಬತ್ತು ಮಂದಿ ಹೌದು ಅನ್ನಬೇಕು. ಸರ್ಕಾರದ ರೊಕ್ಕ ಬಂದ್ರ ನನ್ನ ಕುರ್ಚಿ ಉಳಿತೈತಿ. ಒಂದು ಕಡಿಮಿ ಆದ್ರೂ ನಿನ್ನ ನೌಕರಿ ಹೋಗತೈತಿ.”

“ಪ್ರಶ್ನೆ ಏನಂತ ಕೇಳಲಿ, ಸಾಹೇಬ್ರ?”

“ಏನಾರ ಕೇಳು. ನನಗ ಹೌದು ಬೇಕು, ಅಷ್ಟ.”

ಕಸ್ತೂರಿಬಾಯಿ ಮೂರು ದಿನ ಓಣಿ ಓಣಿ ಸುತ್ತಿದಳು. ಒಂದೇ ಒಂದು ಸುಳ್ಳು ಅಂಕಿ ಬರೆಯಲಿಲ್ಲ.

ಮಂತ್ರಿಗಳು ಬಂದ ದಿನ ರುದ್ರಪ್ಪನವರು ವರದಿಯ ಮೊದಲ ಪುಟ ನೋಡಿ ಅರಳಿದರು. ಎದ್ದು ನಿಂತು ಸಭೆಗೆ ಸಾರಿದರು: “ನೂರಕ್ಕೆ ತೊಂಬತ್ತಾರು ಮಂದಿ ಹೌದು ಅಂದಾರ!”

ಚಪ್ಪಾಳೆ ಬಿತ್ತು. ಮಂತ್ರಿಗಳು, “ಪ್ರಶ್ನೆ ಏನಿತ್ತು, ಅದನ್ನೂ ಓದಿ” ಎಂದರು.

ರುದ್ರಪ್ಪನವರು ಪುಟ ತಿರುವಿದರು. ತಡವರಿಸುತ್ತ ಓದಿದರು: “ಸರ್ಕಾರವು ಈಗಿನ ಅಧ್ಯಕ್ಷರನ್ನು ಇಳಿಸಿ, ಬ್ಯಾಂಕನ್ನು ತಾನೇ ವಹಿಸಿಕೊಂಡು, ಜನರ ಠೇವಣಿ ಉಳಿಸಬೇಕೇ?”

ಸಭೆ ಗೊಳ್ಳೆಂದು ನಕ್ಕಿತು. ಮಂತ್ರಿಗಳು ಜನಾಭಿಪ್ರಾಯಕ್ಕೆ ತಲೆಬಾಗಿ, ಹಾಗೇ ಆಗಲಿ ಎಂದು ಅಲ್ಲೇ ಬರೆದುಕೊಟ್ಟರು.

ಎಲ್ಲರೂ ಹೋದಮೇಲೆ ರುದ್ರಪ್ಪನವರು ಸಣ್ಣ ದನಿಯಲ್ಲಿ ಕೇಳಿದರು, “ನನ್ನ ಕೈ ಬಿಡದ ಆ ನಾಲ್ಕು ಮಂದಿ ಯಾರವ್ವಾ?”

“ನಿಮ್ಮ ತಮ್ಮಂದಿರು ರೀ.”

“ಮತ್ತ ನಮ್ಮ ಮನಿಯಾಕಿನ್ನ ಕೇಳಲಿಲ್ಲೇನು?”

“ಕೇಳಿದ್ನಿ ರೀ. ಅಮ್ಮಾರದೂ ಠೇವಣಿ ಐತಂತ್ರಿ.”