ಹೊರಡುವ ಗಳಿಗೆಯ ಹಳದಿ ದೀಪ

"ತಾಯಿ, ಒಂದು ಮಾತು ಕೇಳಲೇ?" ಎಂದ ಕಲ್ಲಯ್ಯ. "ಮೊದಲೆಲ್ಲ ಮನೆಯವರ ಮೇಲೆ ಕೂಗಾಡಿದ ದಿನ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎದೆಯೊಳಗೆ ಏನೋ ಚುಚ್ಚುತ್ತಿತ್ತು. ನಿಮ್ಮ ಹತ್ತಿರ ಧ್ಯಾನ ಕಲಿತ ಮೇಲೆ ಹಾಗಿಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರೆ ಸಾಕು, ಮನಸ್ಸು ತಿಳಿಯಾಗುತ್ತದೆ. ಶಾಂತಿ ಎಂದರೆ ಇದೇ ತಾನೇ?"

ತಾಯಿ ಎಂದರೆ ಕಲ್ಲಯ್ಯ ಬಂದು ಹೋಗುತ್ತಿದ್ದ ಆಶ್ರಮದ ಗುರು. ಮೊರದಲ್ಲಿ ಕಾಳು ಆರಿಸುತ್ತಾ ಕುಳಿತಿದ್ದರು. ತಲೆ ಎತ್ತದೆ ಕೇಳಿದರು:

"ಕೂಗಾಟ ನಿಂತಿದೆಯೋ?"

"ಅದು ಇದೆ ತಾಯಿ. ಚುಚ್ಚುವುದು ಮಾತ್ರ ನಿಂತಿದೆ."

ತಾಯಿ ಮೊರವನ್ನು ಬದಿಗಿಟ್ಟು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಅವನ ಮಗಳು ಚೊಚ್ಚಲ ಬಸುರಿ. ಗಂಡನ ಮನೆಯಲ್ಲಿ ಸೀಮಂತ ಮುಗಿಯಿತು. ಇನ್ನು ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕು. ವ್ಯಾಪಾರಿ ಹೆಂಡತಿಯೊಂದಿಗೆ ತನ್ನ ಹೊಸ ಕಾರಿನಲ್ಲಿ ಬೀಗರ ಊರಿಗೆ ಹೋದ. ಪುರೋಹಿತರು ಹೊರಡುವುದಕ್ಕೆ ಒಂದು ಗಳಿಗೆ, ಮನೆ ಹೊಗುವುದಕ್ಕೆ ಒಂದು ಗಳಿಗೆ ನೋಡಿ ಕೊಟ್ಟಿದ್ದರು. ನಡುವೆ ದಾರಿಯಲ್ಲಿ ಎಲ್ಲಿಯೂ ನಿಲ್ಲಬಾರದು ಎಂದೂ ಹೇಳಿದ್ದರು.

ಮಗಳು ಹಿಂದಿನ ಸೀಟಿನಲ್ಲಿ ಕುಳಿತಳು. ಬೀಗಿತ್ತಿ ಆರತಿ ಎತ್ತಿದಳು, ಕಾರಿಗೆ ಕುಂಕುಮ ಹಚ್ಚಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ವ್ಯಾಪಾರಿ ಕೀಲಿ ತಿರುಗಿಸಿದ. ಅವನ ಎದುರಿಗೆ, ಕುದುರೆಯ ಲಾಳದಂಥ ಗುರುತಿನ ಹಳದಿ ದೀಪ ಹತ್ತಿಕೊಂಡಿತು. ಸ್ವಲ್ಪ ಹೊತ್ತು ಕಾದ. ಆರಲಿಲ್ಲ. ಯಾವುದೋ ಚಕ್ರದಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಹೇಳುವ ದೀಪ ಅದು.

ಬೀಗಿತ್ತಿ ಕಿಟಕಿಯೊಳಗೆ ಬಗ್ಗಿ ನೋಡಿದಳು. "ಏನು ಬೀಗರೇ, ಹೊಸ ಕಾರು ಅಂದಿರಿ. ಗಂಡನ ಮನೆ ಬಿಟ್ಟು ಹೋಗೋಕೆ ಹುಡುಗಿಗಿಂತ ಮೊದಲು ಅದೇ ಅಳ್ತಾ ಇದೆಯಲ್ಲ!"

ನೆರೆದವರು ನಕ್ಕರು. ವ್ಯಾಪಾರಿಯ ಮುಖ ಬಿಸಿಯಾಯಿತು. ಅವನ ಹೆಂಡತಿ ನಗಲಿಲ್ಲ. ಹೊರಡುವಾಗ ಹೀಗಾಗುವುದು ಅಪಶಕುನ ಎಂದು ಅವಳಿಗೆ ಅನ್ನಿಸಿತು. "ಎಲ್ಲರೂ ಇಳಿದು ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡೋಣ" ಎಂದಳು. ಇಳಿದರು, ನೀರು ಕುಡಿದರು, ಮತ್ತೆ ಹತ್ತಿದರು. ದೀಪ ಹಾಗೆಯೇ ಉರಿಯುತ್ತಿತ್ತು.

"ಅಪ್ಪ, ಇದು ಶಕುನ ಅಲ್ಲ, ಗಾಳಿ" ಎಂದಳು ಮಗಳು. "ಊರಾಚೆ ಪೆಟ್ರೋಲ್ ಬಂಕ್ ಇದೆ. ಒಂದು ನಿಮಿಷ ನಿಲ್ಲಿಸಿ ನೋಡಿಸು."

"ಹೊರಟ ಮೇಲೆ ನಿಲ್ಲಬಾರದು, ಸುಮ್ಮನಿರು" ಎಂದ ವ್ಯಾಪಾರಿ.

ಆಗ ಅವನಿಗೆ ಕಾರಿನೊಳಗಿನ ಒಂದು ಗುಂಡಿ ನೆನಪಾಯಿತು. ನಾಲ್ಕೂ ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿಸಿದ ಮೇಲೆ ಅದನ್ನು ಒತ್ತಿ ಹಿಡಿಯಬೇಕು. ಇದೇ ಸರಿಯಾದ ಗಾಳಿ ಎಂದು ಕಾರು ನೆನಪಿಟ್ಟುಕೊಳ್ಳುತ್ತದೆ ಎಂದು ಕಾರು ಮಾರಿದವನು ಹೇಳಿಕೊಟ್ಟಿದ್ದ. ವ್ಯಾಪಾರಿಗೆ ಗುಂಡಿ ನೆನಪಿತ್ತು, ಗಾಳಿ ಮರೆತಿತ್ತು. ಒತ್ತಿ ಹಿಡಿದ. ದೀಪ ಮಿಟುಕಿ ಆರಿತು.

ಹೆಂಡತಿ ಕೈಮುಗಿದಳು. ಬೀಗಿತ್ತಿ ಕಿಟಕಿಯಿಂದ ಹಿಂದೆ ಸರಿದಳು. ನಿಂಬೆಹಣ್ಣು ಪಚಕ್ಕೆಂದಿತು, ಕಾರು ಹೊರಟಿತು. ಗಾಳಿ ಎಷ್ಟು ಕಡಿಮೆಯಿತ್ತೋ ಅಷ್ಟೇ ಕಡಿಮೆಯಿತ್ತು. ಆದರೆ ಕಾರು ಈಗ ಆ ಕೊರತೆಯನ್ನೇ ಸರಿ ಎಂದು ಕಲಿತಿತ್ತು.

ಬಂಕ್ ಬಂತು, ಹಿಂದೆ ಹೋಯಿತು. ದಾರಿ ಬೆಟ್ಟದ ಕಡೆಗೆ ತಿರುಗಿತು. ಬೆಟ್ಟ ಹತ್ತಿ ಇಳಿದರೆ ತವರು.

"ಅಪ್ಪ, ಕಾರು ಎಡಕ್ಕೆ ಎಳೀತಾ ಇದೆ. ನನಗೆ ಹಿಂದೆ ಕೂತರೂ ಗೊತ್ತಾಗ್ತಿದೆ."

"ದೀಪ ಇಲ್ಲವಲ್ಲ ಮಗಳೇ."

"ಆರಿಸಿದ್ದು ನೀನೇ ಅಲ್ಲವೇ?"

ವ್ಯಾಪಾರಿ ಗೇರ್ ಬದಲಿಸಿದ. ಅವನು ನಿಜವಾಗಿಯೂ ನೆಮ್ಮದಿಯಲ್ಲಿದ್ದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಕಣ್ಣೆದುರು ದೀಪವಿಲ್ಲ, ಆದ್ದರಿಂದ ದೋಷವಿಲ್ಲ. ಸ್ಟಿಯರಿಂಗ್ ಎಡಕ್ಕೆ ಎಳೆದಾಗಲೆಲ್ಲ ಬಲಕ್ಕೆ ಬಿಗಿಹಿಡಿದ. ದಾರಿಯೇ ಓರೆಯಾಗಿದೆ ಎಂದುಕೊಂಡ.

ಬೆಟ್ಟದ ಬುಡದಲ್ಲಿ ಮಗಳು ಬಾಗಿಲಿನ ಹಿಡಿಗೆ ಕೈ ಹಾಕಿದಳು. "ನಿಲ್ಲಿಸು. ನಿಲ್ಲಿಸದಿದ್ದರೆ ಹಾಗೆಯೇ ಇಳಿಯುತ್ತೇನೆ."

ಅವಳ ದನಿ ಕೇಳಿ ವ್ಯಾಪಾರಿ ಬ್ರೇಕ್ ಒತ್ತಿದ. ಅವಳು ಹೊಟ್ಟೆ ಹಿಡಿದುಕೊಂಡು ಇಳಿದಳು, ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತಳು. ಅವಳ ಅಮ್ಮ ಹಿಂದೆಯೇ ಓಡಿಬಂದಳು. "ಅಯ್ಯೋ, ಏಳೇ! ಗಳಿಗೆ ಮೀರ್ತದೆ."

"ಒಳಗಿರೋದಕ್ಕೆ ಪಂಚಾಂಗ ಗೊತ್ತಿಲ್ಲ ಅಮ್ಮ. ಅದಕ್ಕೆ ನಾನು ಬೇಕು. ಚಕ್ರ ನೋಡುವವರೆಗೆ ನಾನು ಹತ್ತುವುದಿಲ್ಲ."

ವ್ಯಾಪಾರಿ ಗೊಣಗುತ್ತಾ ಇಳಿದ. ಮುಂದಿನ ಎಡ ಚಕ್ರದಲ್ಲಿ ಮೊಳೆಯೊಂದು ತಲೆಯವರೆಗೂ ಹೊಕ್ಕಿತ್ತು. ರಬ್ಬರು ನೆಲಕ್ಕೆ ಮಡಚಿಕೊಂಡು ಅಂಚಿನಲ್ಲಿ ಸೀಳತೊಡಗಿತ್ತು. ಮುಟ್ಟಿದ, ಕೈ ಸುಟ್ಟಿತು. ಅವನು ಎದುರಿನ ಬೆಟ್ಟದ ತಿರುವುಗಳನ್ನು ನೋಡಿದ, ಕಲ್ಲಿನ ಮೇಲೆ ಕುಳಿತ ಮಗಳನ್ನು ನೋಡಿದ. ಜರಿ ಪಂಚೆಯನ್ನು ಎತ್ತಿಕಟ್ಟಿ, ಮಣ್ಣಿನಲ್ಲಿ ಕುಳಿತು, ಸ್ಟೆಪ್ನಿ ಚಕ್ರ ಹಾಕಿದ. ಗಳಿಗೆ ಅಲ್ಲಿಯೇ, ರಸ್ತೆಯ ಬದಿಯಲ್ಲಿ ಮೀರಿತು.

ತಾಯಿ ಕತೆ ನಿಲ್ಲಿಸಿದರು.

ಕಲ್ಲಯ್ಯ ಉಸಿರು ಬಿಟ್ಟ. "ಸದ್ಯ! ಹುಡುಗಿ ಹಟ ಮಾಡಿದ್ದು ಒಳ್ಳೆಯದಾಯಿತು ತಾಯಿ. ಇಳಿದಳು, ಉಳಿದರು."

"ಅವಳು ಇಳಿಯಬಲ್ಲವಳಾಗಿದ್ದಳು, ಕಲ್ಲಯ್ಯ. ನಿನ್ನ ಬೆನ್ನ ಹಿಂದೆ ಕುಳಿತ ಮನೆಯವರು ಎಲ್ಲಿ ಇಳಿಯಬೇಕು?"